ಹೇಳಿಕೊಡದ ಮಾಸ್ತರ

ಮೋನಪ್ಪ ಮಾಸ್ತರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಪಾಠ ಮಾಡುತ್ತಿದ್ದರು. ಪಾಠ ಅಂದೆನೇ? ಅಯ್ಯ, ಪಾಠ ಎಲ್ಲಿಂದ ಬಂತು! ಬಾಯಲ್ಲಿ ಎಲೆ ಅಡಿಕೆ, ಮೂಗಿನ ತುದಿಗೆ ಕನ್ನಡಕ, ನಮ್ಮ ಸುತ್ತ ಸುಮ್ಮನೆ ತಿರುಗುವುದು, ಅಷ್ಟೇ. ಕೊಪ್ಪಳದ ಕಸಬಿನ ಸಾಲಿಯಲ್ಲಿ ಬಡಿಗತನ ಕಲಿಯಲು ಹೋದ ನಾನು ಎರಡು ವರ್ಷದಲ್ಲಿ ಒಮ್ಮೆಯೂ ಅವರು ಉಳಿ ಹಿಡಿದದ್ದನ್ನು ಕಾಣಲಿಲ್ಲ.

ಒಂದು ಕೆಲಸಕ್ಕೆ ಮೂವರು. ನಾನು ಕುಕನೂರಿನ ಅಂಗಡಿಕಾರನ ಮಗ, ಯಮನೂರ ಎಂಬ ಗೆಳೆಯ ಗಿಣಿಗೇರಿಯ ಒಕ್ಕಲು ಮನೆಯವ, ಹುಸೇನಿಯ ಅಪ್ಪ ಟಾಂಗಾ ಹೊಡೆಯುವವ. ಏನಾದರೂ ಕೇಳಲು ಹೋದರೆ ಮಾಸ್ತರರದು ಒಂದೇ ಮಾತು: “ನನ್ನ ಯಾಕ ಕೇಳ್ತೀರೋ? ನೀವು ಮೂರು ಮಂದಿ ಅದೀರಿ, ಮೂರು ತಲಿ ಅದಾವ. ಕೂತು ಮಾತಾಡ್ರಿ.” ಕೆಲಸ ಮುಗಿದ ಮೇಲೆ ಮೂವರಲ್ಲಿ ಯಾರು ದಡ್ಡನೋ ಅವನೇ ಎದ್ದು ನಿಂತು ಹೇಗೆ ಮಾಡಿದೆವು ಎಂದು ಹೇಳಬೇಕು. ಅವ ತಡವರಿಸಿದರೆ ಮೂವರೂ ಮೊದಲಿನಿಂದ ಮಾಡಬೇಕು. ಪ್ರತಿ ಸಲ ಎದ್ದು ನಿಂತವ ನಾನೇ, ಬೇರೆ ಹೇಳಬೇಕೇ? ಗೆಳೆಯರಿಬ್ಬರೂ ಬೈದು ಬೈದು ನನಗೆ ಕಲಿಸಿದರು.

ಸೂಟಿಗೆ ಊರಿಗೆ ಹೋದಾಗ ಇದನ್ನೆಲ್ಲ ಬಾಯಿಬಿಟ್ಟೆ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. “ಪಗಾರ ತಗೊಂಡು ಎಲಿ ತಿಂತಾನೇನು?” ಎಂದವನೇ, ಆಗ ಸರಕಾರದ ಕಾಗದವೆಲ್ಲ ಉರ್ದುವಿನಲ್ಲೇ ಆದ್ದರಿಂದ, ಉರ್ದು ಬಲ್ಲವರಿಂದ ಅರ್ಜಿ ಬರೆಸಿ ರಾಯಚೂರಿನ ದೊಡ್ಡ ಕಚೇರಿಗೆ ಕಳಿಸಿಬಿಟ್ಟ.

ತಿಂಗಳೊಳಗೆ ದೊಡ್ಡ ಸಾಹೇಬರು ಟಾಂಗಾದಲ್ಲಿ ಬಂದಿಳಿದರು. ಅಂದು ನಾವು ಮೂವರು ಮಾಡಿದ ಬಂಡಿಯ ಗಾಲಿಗೆ ಕಬ್ಬಿಣದ ಹಳಿ, ಅಂದರೆ ಸುತ್ತಿನ ಪಟ್ಟಿ, ತೊಡಿಸುವುದಿತ್ತು. “ಈ ಗಾಲಿ ಛಲೋ ಆಗಲಿಲ್ಲ ಅಂದ್ರ, ಉಸ್ತಾದ್, ನೀವು ನಾಳಿಂದ ಬರಬ್ಯಾಡ್ರಿ,” ಎಂದರು ಸಾಹೇಬರು. ಅರ್ಜಿ ನಮ್ಮಪ್ಪನದು, ಗಾಲಿ ನಮ್ಮದು, ಹೋಗುವ ನೌಕರಿ ಮಾತ್ರ ಮಾಸ್ತರರದು!

ಹಿಂದಿನ ದಿನ ಗಾಲಿಯ ಸುತ್ತಳತೆಯನ್ನು ಹಗ್ಗದಿಂದ ತೆಗೆದು ಹಗ್ಗದ ಮೇಲೆ ಗುರುತು ಹಾಕಿದವ ನಾನು. ಅದಕ್ಕಿಂತ ತುಸು ಸಣ್ಣದಾಗಿ ಹಳಿ ಮಾಡಿಸಿ, ಕೆಂಪಗೆ ಕಾಯಿಸಿ ತೊಡಿಸಿ ನೀರು ಸುರಿದರೆ ಅದು ಗಾಲಿಯನ್ನು ಬಿಗಿಯಾಗಿ ಹಿಡಿಯಬೇಕು. ಕಾಯಿಸಿದೆವು, ತೊಡಿಸಿದೆವು, ಸುರಿದೆವು. ಗಾಲಿ ಎತ್ತಿ ನಿಲ್ಲಿಸಿದೆವೋ ಇಲ್ಲವೋ, ಹಳಿ ಕಳಚಿ ಉರುಳಿ ಹೋಗಿ ಸಾಹೇಬರ ಬೂಟಿನ ಮುಂದೆ ಖಣಖಣ ಎಂದು ಬಿತ್ತು. ಟಾಂಗಾದ ಕುದುರೆ ಬೆದರಿತು.

“ಏನ್ ತಪ್ಪಾತು, ಉಸ್ತಾದ್?”

“ಹುಡುಗ್ರು ಹೇಳ್ತಾರ್ರಿ ಸಾಹೇಬ್ರ, ಸ್ವಲ್ಪ ತಡೀರಿ,” ಎಂದು ಮಾಸ್ತರರು ಎಲೆ ಜಗಿಯುತ್ತ ನಿಂತರು.

ನಾವು ನೆಲಕ್ಕೆ ಕೂತೆವು. ಯಮನೂರ ನನ್ನನ್ನು ಬಾಯಿಗೆ ಬಂದಂತೆ ಬೈದ. ಹುಸೇನಿ ಮಾತ್ರ ಕೇಳಿದ: “ಹಗ್ಗ ಎಲ್ಲೀದಲೇ?”

“ಬಾವೀದು. ಆಗಷ್ಟೇ ನೀರು ಸೇದಿದ್ರು.”

“ಹಸೀದಾ?”

ಅದೇ ಹಗ್ಗವನ್ನು, ಈಗ ಒಣಗಿದ್ದನ್ನು, ಮತ್ತೆ ಗಾಲಿಗೆ ಸುತ್ತಿದೆವು. ಸುತ್ತು ಮುಗಿದ ಮೇಲೂ ನನ್ನ ಗುರುತು ಮೂರು ಬೆರಳು ದಾಟಿ ಹೋಯಿತು. ಹಸಿ ಹಗ್ಗ ಬಿಗಿದುಕೊಂಡು ಗಿಡ್ಡವಾಗಿತ್ತು, ಒಣಗಿ ಉದ್ದವಾಗಿತ್ತು, ಆ ಉದ್ದಕ್ಕೇ ಹಳಿ ಮಾಡಿಸಿದ್ದೆವು. ಎದ್ದು ನಿಂತು ಸಾಹೇಬರಿಗೆ ಇದನ್ನು ಹೇಳಿದವನೂ ನಾನೇ, ಒಂದು ಸಲವೂ ತಡವರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳಿ ಕತ್ತರಿಸಿ ಬೆಸೆದು ತೊಡಿಸಿದೆವು. ಗಾಲಿ ಕಟಕಟ ಎಂದು ಬಿಗಿದು ಕೂತಿತು.

“ಹಗ್ಗದ ಸುದ್ದಿ ನಿಮಗ ಗೊತ್ತಿತ್ತೇನು?” ಸಾಹೇಬರು ಕೇಳಿದರು.

“ಗೊತ್ತಿಲ್ದ ಏನ್ರಿ! ನಾನ ಹೇಳಿದ್ರ ಇವರು ಕಲಿಯೋದು ಯಾವಾಗ್ರಿ?”

ಸಾಹೇಬರು ನಕ್ಕು ಅರ್ಜಿಯನ್ನು ಹರಿದು ಹಾಕಿದರು.

ಎಷ್ಟೋ ವರ್ಷದ ಮೇಲೆ ಗಂಗಾವತಿಯಲ್ಲಿ, ಮಗಳ ಮನೆಯಲ್ಲಿದ್ದ ಮಾಸ್ತರರನ್ನು ಕಂಡೆ. ಅದೇ ಕೊನೆ, ಮುಂದಿನ ಸಲ ಹೋದಾಗ ಅವರಿರಲಿಲ್ಲ. ಹಗ್ಗದ ಕಥೆ ತೆಗೆದು, “ಭಾಳ ಧೈರ್ಯ ರೀ ನಿಮ್ಮದು, ಗೊತ್ತಿದ್ದೂ ಸುಮ್ಮನಿದ್ರಿ” ಎಂದೆ. ಮಾಸ್ತರರು ಅತ್ತಿತ್ತ ನೋಡಿ, ಮಗಳು ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಗೆ ಬಾಗಿದರು.

“ನಾ ಕುರ್ಚಿ ಮಾಡೋ ಬಡಿಗ್ಯೋ ತಮ್ಮಾ. ಗಾಲಿ ಸುದ್ದಿ ನನಗೇನ್ ಗೊತ್ತಿತ್ತು? ನೀವು ಮೂರೂ ಮಂದಿ ಕೂತು ಮಾತಾಡೂತನಕ ನನ್ನ ಕಾಲು ಗಡಗಡ ನಡಗತಿದ್ವು.”