ಉಸಿರಾಡುವವನ ವೀಳ್ಯ

ಊರಿಗೆಲ್ಲ ಎರಡು ಫೋನು, ಒಂದು ಮಿರ್ಚಿ ಅಂಗಡಿ ಇದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಂಬ್ರಹಳ್ಳಿಯಿಂದ ಹಂಪಸಾಗರದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ನನಗೆ ಹನ್ನೊಂದು ವರ್ಷ. ಓದಿನಲ್ಲಿ ದಡ್ಡ, ಗೋಲಿ ಆಟದಲ್ಲಿ ಮೋಸಗಾರ. ಆದರೆ ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೇ ಸಲ ಅದು ನನ್ನ ಬಾಯಿಂದ ಬರುತ್ತಿತ್ತು. ಮೂಗಿನಲ್ಲೇ ಮಗ್ಗಿ ಹೇಳಿಸುವ ಮೇಷ್ಟ್ರು, ಎಮ್ಮೆಗೂ ಗಂಡನಿಗೂ ಒಂದೇ ರಾಗದಲ್ಲಿ ಬೈಯುವ ಓಣಿಯ ಗಂಗಮ್ಮ, ಕೆಮ್ಮದೆ ಮಾತು ಶುರು ಮಾಡಲಾರದ ಊರಗೌಡರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿ ಮಾತ್ರ ಒಡೆದ ಪೀಪಿಯ ಹಾಗಿತ್ತು. ಅದಕ್ಕೇ ಇರಬೇಕು, ಬೇರೆಯವರ ದನಿಗಳ ಮೇಲೆ ನನಗೆ ಅಷ್ಟು ಆಸೆ.

ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಹೊಸ ದನಿ ನಮ್ಮಜ್ಜ ಕೊಟ್ರಪ್ಪನದು. ಅಜ್ಜನಿಗೆ ಮರೆವು ಹತ್ತಿತ್ತು. ಈಗ ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ, ಮಾತ್ರೆ ಬರೆದುಕೊಡುತ್ತಾರೆ. ಆಗ ನಮ್ಮೂರಲ್ಲಿ ಅದರ ಹೆಸರು ಅರಳುಮರಳು. ಅದಕ್ಕಿದ್ದ ಮದ್ದು ನಗು.

ಅಜ್ಜ ಎರಡು ರೊಟ್ಟಿ ಉಂಡು, ಕೈ ಒರೆಸಿಕೊಂಡು, ಅವ್ವನನ್ನು ಕೇಳುತ್ತಿದ್ದ. "ಯವ್ವಾ, ಊಟಕ್ಕ ಎಷ್ಟೊತ್ತು?"

"ಈಗ ಉಂಡ್ರಲ್ರಿ ಮಾವ. ಕೈಯಾಗ ಇನ್ನೂ ಚಟ್ನಿ ವಾಸನಿ ಐತಿ, ನೋಡ್ಕೋರಿ."

ಅಜ್ಜ ಕೈಯನ್ನು ಮೂಗಿನ ಹತ್ತಿರ ಹಿಡಿದು, ತೀರ್ಪು ಕೊಡುವವನಂತೆ ತಲೆಯಾಡಿಸುತ್ತಿದ್ದ. "ಹೌದವಾ, ಶೇಂಗಾ ಚಟ್ನಿ. ಯಾರು ಉಂಡ್ರು?"

ಇದನ್ನು ನಾನು ಬಿಡುತ್ತೇನೆಯೇ? ಗೌಡರ ತಮ್ಮನ ಮಿರ್ಚಿ ಅಂಗಡಿಯ ಮುಂದೆ ಸಂಜೆ ಮಂದಿ ಸೇರಿದಾಗ, "ಲೇ ವೀರೇಶ, ನಿಮ್ಮಜ್ಜನ್ನ ಕರ್ಕಂಡು ಬಾರಲೇ" ಎನ್ನುತ್ತಿದ್ದರು. ಅಂದರೆ ಅಜ್ಜನ ನಕಲು ಮಾಡು ಎಂದು. ನಾನು ಸೊಂಟ ಬಗ್ಗಿಸಿ, ತುಟಿ ನಡುಗಿಸಿ, ಕೈ ಮೂಸಿ ತೋರಿಸುತ್ತಿದ್ದೆ. ಮಂದಿ ಮಂಡಕ್ಕಿ ಉಗುಳುವಷ್ಟು ನಗುತ್ತಿದ್ದರು. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿಯೊಂದು ನನ್ನ ಕೈಗೆ ಬೀಳುತ್ತಿತ್ತು. ನಾಲಿಗೆ ಸುಡುತ್ತಿತ್ತು, ಮತ್ತೇನೂ ಸುಡುತ್ತಿರಲಿಲ್ಲ.

ಯುಗಾದಿಯ ಮರುದಿನ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ದೈವ ಕೂಡುತ್ತಿತ್ತು. ಊರ ಹಿರಿಯರ ಸಭೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಾತು ಮುಗಿದ ಮೇಲೆ ದುರುಗಪ್ಪ ಎಂಬಾತ ಹಿತ್ತಾಳೆ ತಟ್ಟೆ ಹಿಡಿದು, ಮನೆಯ ಹಿರಿಯನ ಹೆಸರು ಕೂಗಿ, ಸರದಿಯಂತೆ ವೀಳ್ಯ ಕೊಡುತ್ತಿದ್ದ. ಮೂರನೆಯದು ನಮ್ಮ ಮನೆಯದು. ವೀಳ್ಯ ಪಡೆಯುವವನಿಗಷ್ಟೇ ದೈವದಲ್ಲಿ ಬಾಯಿ ತೆರೆಯುವ ಹಕ್ಕು. ಹಿರಿಯ ಸತ್ತ ಮೇಲೆಯೇ ಅದು ಮಗನ ಕೈಗೆ ಬರುತ್ತಿತ್ತು. ಉಸಿರಾಡುವವನ ವೀಳ್ಯ ಮತ್ತೊಬ್ಬನಿಗೆ ಕೊಟ್ಟ ಉದಾಹರಣೆ ಊರಲ್ಲಿರಲಿಲ್ಲ.

ಅಜ್ಜ ಹೆಂಡತಿಯ ಮುಖ ಮರೆತಿದ್ದ, ತನ್ನ ಹೊಲದ ದಾರಿ ಮರೆತಿದ್ದ. ಒಂದನ್ನು ಮಾತ್ರ ಮರೆತಿರಲಿಲ್ಲ. ಊರವರೆಲ್ಲ ರಾಶಿ ಮಾಡುತ್ತಿದ್ದ ಊರ ಕಣದಲ್ಲಿ ಗೌಡರ ಟ್ರ್ಯಾಕ್ಟರ್ ಶೆಡ್ಡು ಎದ್ದು ನಿಂತಿತ್ತು. ದೈವ ಕೂಡಿದಾಗಲೆಲ್ಲ ಅಜ್ಜ ಕೇಳುತ್ತಿದ್ದ. "ಗೌಡ್ರ, ಊರ ಕಣ ಎಲ್ಲಿ ಹೋತ್ರಿ?" ಬುದ್ಧಿ ನೆಟ್ಟಗಿದ್ದವರೆಲ್ಲ ಆ ಪ್ರಶ್ನೆ ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು.

ಆ ಯುಗಾದಿಯ ಮರುದಿನ ಬೆಳಿಗ್ಗೆಯಿಂದಲೇ ಅಜ್ಜ ರುಮಾಲು ಸುತ್ತಿಕೊಂಡು ತಯಾರು. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. "ದೈವ ಕೂಡೋದು ಇವತ್ತೇನಲೇ?" ಎಂದು ನನ್ನನ್ನು ಒಂಬತ್ತು ಸಲ ಕೇಳಿದ. ಕಟ್ಟೆಗೆ ಹೋದವನು ತಪ್ಪದೆ ತನ್ನ ಮೂರನೇ ಜಾಗದಲ್ಲೇ ಕುಳಿತ. ಬೇವಿನ ಹೂ ಗಾಳಿಗೆ ಎಲ್ಲರ ತಲೆಯ ಮೇಲೆ ಉದುರುತ್ತಿತ್ತು. ಅಜ್ಜ ಕಣದ ಮಾತು ಕೇಳಿಯೇಬಿಟ್ಟ.

ಗೌಡರು ಕೆಮ್ಮಿದರು. "ಕೊಟ್ರಪ್ಪನ ತಲಿ ನೆಟ್ಟಗಿಲ್ಲ. ಇಂಥವ್ರು ದೈವದಾಗ ಕುಂತ್ರ ಊರಿಗೆ ಮರ್ಯಾದಿ ಏನ್ರಿ? ಅವನ ವೀಳ್ಯ ಮಗ ನಾಗಪ್ಪಗ ಹೋಗ್ಲಿ."

ಅಜ್ಜನ ಸರೀಕ ಸಿದ್ದಣ್ಣಜ್ಜ ಒಬ್ಬನೇ ಅಡ್ಡ ಬಂದ. "ಉಸಿರಾಡೋ ಮನುಷ್ಯಾನ ವೀಳ್ಯ ಕಸಿಯೋ ಪದ್ಧತಿ ಇಲ್ರಿ ಗೌಡ್ರ."

"ಹಂಗಾರ ಅವರ ಮನಿ ಹುಡುಗನ್ನೇ ಕೇಳೂಣು. ಲೇ ವೀರೇಶ, ಬಾ ಇಲ್ಲಿ. ನಿಮ್ಮಜ್ಜ ಮನಿಯಾಗ ಹೆಂಗ ಅದಾನ, ದೈವಕ್ಕ ಒಂದೀಟು ತೋರಿಸು."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡು ನೆಲ ನೋಡಿದ. ಆ ಮೂರನೇ ಜಾಗದ ಮೇಲೆ ಅವನಿಗೆ ಎಷ್ಟು ದಿನದಿಂದ ಕಣ್ಣಿತ್ತೋ.

ಮಾಡಿದೆ. ಚೆನ್ನಾಗಿಯೇ ಮಾಡಿದೆ. ರೊಟ್ಟಿ, ಚಟ್ನಿ, ಕೈ ಮೂಸುವುದು, ಜೊತೆಗೆ ಅಜ್ಜ ಮಾಡದಿದ್ದ ಎರಡು ಸೊಟ್ಟ ನಡಿಗೆಯನ್ನೂ ಸೇರಿಸಿದೆ. ಕಟ್ಟೆಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಜ್ಜ. "ಯಾರ ಮಗನಲೇ ನೀನು? ಭಾಳ ಚೆಂದ ಮಾಡ್ತಿ. ಆ ಮುದುಕ ಯಾರು?" ಎಂದು ಕೇಳಿದ. ಸಿದ್ದಣ್ಣಜ್ಜ ಮತ್ತೆ ಮಾತಾಡಲಿಲ್ಲ. ಮಾತಾಡಲು ನಾನು ಏನನ್ನೂ ಉಳಿಸಿರಲಿಲ್ಲ.

ದುರುಗಪ್ಪ ತಟ್ಟೆ ಹಿಡಿದು ಬಂದ. ಎರಡು ಹೆಸರು ಕೂಗಿದ. ಅಜ್ಜ ಬೊಗಸೆ ಚಾಚಿದ. "ಮೂರನೇ ಮನಿ, ನಾಗಪ್ಪ" ಎಂದ ದುರುಗಪ್ಪ. ವೀಳ್ಯ ಅಜ್ಜನ ಬೊಗಸೆಯನ್ನು ದಾಟಿ, ಹಿಂದೆ ನಿಂತಿದ್ದ ಅಪ್ಪನ ಕೈಗೆ ಹೋಯಿತು.

ಅಜ್ಜನ ನಗು ನಿಂತಿತು. ಹೆಸರುಗಳೆಲ್ಲ ಅಳಿಸಿಹೋಗಿದ್ದ ಆ ತಲೆಯಲ್ಲಿ ಪದ್ಧತಿ ಅಳಿಸಿರಲಿಲ್ಲ. ಮೆಲ್ಲಗೆ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಮ್ಮ ಮನಿಯಾಗ ಯಾರು ಸತ್ರಪ್ಪ?"

ಗೌಡರು ಕೆಮ್ಮಲೂ ಇಲ್ಲ. ಅಜ್ಜ ಎದ್ದು ಅಪ್ಪನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ. "ಅಳಬ್ಯಾಡಪ್ಪ. ನಿಮ್ಮಪ್ಪ ಛಲೋ ಮನುಷ್ಯ ಇದ್ದ. ದೈವದಾಗ ಕೇಳೋನು ಅವನೊಬ್ಬನ ಇದ್ದ."

"ನೋಡಿದ್ರಿಲ್ಲೋ, ನಾ ಹೇಳಿದ್ದು ಖರೇ ಆತು" ಎಂದರು ಗೌಡರು. ಹಿರಿಯರೆಲ್ಲ ಎಲೆಗೆ ಸುಣ್ಣ ಹಚ್ಚಿಕೊಂಡು, ಮಡಿಚಿ ಬಾಯಿಗಿಟ್ಟುಕೊಂಡು ಮನೆಗೆ ಹೋದರು.

ಅಜ್ಜ ಹನ್ನೊಂದು ದಿನ ರುಮಾಲು ಸುತ್ತದೆ ಪಡಸಾಲೆಯಲ್ಲಿ ಕುಳಿತು ತನ್ನ ಸೂತಕ ತಾನೇ ಹಿಡಿದ. ಅವ್ವ ಉಳಿದ ಹೋಳಿಗೆ ಕೊಟ್ಟರೆ, "ಸಾವಿನ ಮನಿಯಾಗ ಸಿಹಿ ಯಾಕವಾ" ಎಂದು ದೂರ ಸರಿಸಿದ. ಒಂದು ಮಧ್ಯಾಹ್ನ ನನ್ನನ್ನು ಕರೆದು ಕೇಳಿದ. "ಮಣ್ಣಿಗೆ ಎಷ್ಟು ಮಂದಿ ಬಂದಿದ್ರಲೇ?"

"ಊರೆಲ್ಲ ಬಂದಿತ್ತಜ್ಜ" ಎಂದೆ. ನನ್ನ ಒಡಕು ದನಿಯಲ್ಲೇ.

ಆಮೇಲೆ ಮೂರು ವರ್ಷ ಬದುಕಿದ. ಕಟ್ಟೆಯ ಕಡೆ ಹೋಗಲಿಲ್ಲ. ಪಕ್ಕದಲ್ಲಿ ಅವನೇ ನಿಂತಿದ್ದರೂ ಜನ ನನ್ನನ್ನು ಕೇಳುತ್ತಿದ್ದರು, "ನಿಮ್ಮಜ್ಜ ಹೆಂಗದಾನಲೇ?" ಎಂದು. ನಿಜವಾಗಿ ಸತ್ತ ದಿನ ಹೊರುವುದಕ್ಕೆ ನಾಲ್ಕು ಜನರನ್ನು ಹುಡುಕಬೇಕಾಯಿತು. ಊರಿನ ಪಾಲಿಗೆ ಅವನ ಸಾವು ಎಂದೋ ಮುಗಿದಿತ್ತು. ಅಪ್ಪ ಆ ಮೂರನೇ ಜಾಗದಲ್ಲಿ ದೈವ ನಿಂತುಹೋಗುವ ತನಕ ಕುಳಿತ. ಒಂದು ದಿನವೂ ಏನನ್ನೂ ಕೇಳಲಿಲ್ಲ.

ಆ ಊರನ್ನು ನಾನು ಕ್ಷಮಿಸಿಲ್ಲ. ಅಪ್ಪನನ್ನೂ ಅಷ್ಟೇ. ನನ್ನ ಸರದಿ ಬಂದಾಗ ಮಾತ್ರ, ಹನ್ನೊಂದು ವರ್ಷದ ಹುಡುಗ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳುತ್ತೇನೆ.

ಈಗಲೂ ಮದುವೆ ಮನೆಗಳಲ್ಲಿ ನೆಂಟರು, "ನಿಮ್ಮಜ್ಜನಂಗ ಮಾತಾಡೋ" ಎನ್ನುತ್ತಾರೆ. ನಾನು ಒಲ್ಲೆ ಎನ್ನುತ್ತೇನೆ. ನಾಚಿಕೆಗೆ ಎಂದುಕೊಳ್ಳುತ್ತಾರೆ. ವಿಷಯ ಅದಲ್ಲ. ಮರೆವು ಹತ್ತುವ ಮೊದಲು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾತಾಡುತ್ತಿದ್ದ ಅಜ್ಜನ ದನಿಯನ್ನು ಒಮ್ಮೆ ಕೇಳಬೇಕೆಂದು ಎಷ್ಟೋ ಸಲ ಕಣ್ಣು ಮುಚ್ಚಿ ಕುಳಿತಿದ್ದೇನೆ. ಬರುವುದಿಲ್ಲ. ಎಷ್ಟು ಹೊತ್ತು ಕುಳಿತರೂ ಕಿವಿಗೆ ಬರುವುದು ನಾನು ಮಾಡಿದ ನಕಲು.