ಅರ್ಧ ಬೆಳಗಿದ ಹಿಡಿ

ಹಿತ್ತಾಳೆ ಕಪ್ಪಾಗಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ಸದ್ಗುಣವೋ ವ್ಯಾಧಿಯೋ ಇನ್ನೂ ನಿರ್ಣಯವಾಗಿಲ್ಲ. ಬೂಟಿನಲ್ಲಿ ಮುಖ ಕಾಣುವುದೇ ಸಚ್ಚಾರಿತ್ರ್ಯವೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದರು, ಹುಣಸೆಹಣ್ಣಿನಿಂದ ದೀಪ ತಿಕ್ಕುವುದನ್ನು ಅಮ್ಮ ಕಲಿಸಿದಳು. ಎರಡೂ ಶಿಕ್ಷಣಗಳ ಸಂಗಮವಾಗಿ ನಾನು ಉಳಿದೆ. ಅಮೆರಿಕದ ಅಟ್ಲಾಂಟಾ ಹೊರವಲಯದ ಜಾನ್ಸ್ ಕ್ರೀಕಿನ ನಮ್ಮ ಮನೆಯಲ್ಲಾದರೋ ದೇವರ ಮುಂದಿನ ಎರಡು ದೀಪಗಳನ್ನು ಬಿಟ್ಟರೆ ಈ ಪ್ರತಿಭೆಗೆ ಕ್ಷೇತ್ರವೇ ಇಲ್ಲ.

ಕ್ಷೇತ್ರ ದೊರೆತದ್ದು ಅಟ್ಲಾಂಟಾದ ಡೌನ್‌ಟೌನಿನ ಹಳೆಯ ಬೀದಿಯೊಂದರಲ್ಲಿ. ಒಂದು ಕಾಲಕ್ಕೆ ಊರಿನ ದೊಡ್ಡ ಅಂಗಡಿಗಳಲ್ಲಿ ಕಪ್ಪು ಜನರು ಬಟ್ಟೆ ಕೊಳ್ಳಬಹುದಿತ್ತು, ತೊಟ್ಟು ನೋಡುವಂತಿರಲಿಲ್ಲ. ಆದ್ದರಿಂದ ಅವರು ಈ ಬೀದಿಯಲ್ಲಿ ತಮ್ಮದೇ ಬ್ಯಾಂಕು, ಔಷಧಾಲಯ, ದರ್ಜಿ ಅಂಗಡಿಗಳನ್ನು ಕಟ್ಟಿಕೊಂಡರು. ಆಮೇಲೆ ಹೆದ್ದಾರಿಯೊಂದು ಬೀದಿಯನ್ನು ಹಲಸಿನಹಣ್ಣಿನಂತೆ ಎರಡಾಗಿ ಸೀಳಿಕೊಂಡು ಹೋಯಿತು. ಉಳಿದ ಕೆಲವೇ ಕಟ್ಟಡಗಳಲ್ಲಿ ಎಂಬತ್ತು ದಾಟಿದ ಮಿಸ್ ಲೊರೆಟ್ಟಾ ಅವರದೂ ಒಂದು: ಎರಡಂತಸ್ತಿನ ಕೆಂಪು ಇಟ್ಟಿಗೆ, ಕೆಳಗೆ ಅವರ ತಂದೆಯ ದರ್ಜಿ ಅಂಗಡಿ. ನಗರದ ಸಂರಕ್ಷಣಾ ಪಟ್ಟಿಗೆ ಸೇರಿದರೆ ಅದು ಉಳಿಯುತ್ತದೆ, ಇಲ್ಲವಾದರೆ ಪಾರ್ಕಿಂಗ್ ಲಾಟ್. ಪಟ್ಟಿಗೆ ಸೇರಬೇಕಾದರೆ ಬಾಗಿಲು, ಕಿಟಕಿ, ಹಿಡಿಗಳೆಲ್ಲ ಮೂಲದವೇ ಆಗಿರಬೇಕು.

ಹೈಸ್ಕೂಲಿನ ನನ್ನ ಮಗಳು ಅನಘಾ ಆ ಪಟ್ಟಿಯ ಅರ್ಜಿಗೆ ಬೇಕಾದ ಫೋಟೋ ತೆಗೆಯಲು ಶನಿವಾರಗಳಂದು ಅಲ್ಲಿಗೆ ಹೋಗುತ್ತಿದ್ದಳು. ನಾನು ಅವಳ ಸಾರಥಿ. ಕೆಲಸವಿಲ್ಲದ ಸಾರಥಿ ಅಪಾಯಕಾರಿ. ಮುಂಬಾಗಿಲಿಗೆ ಮೊಳದುದ್ದದ ಹಿತ್ತಾಳೆ ಹಿಡಿ, ಕಾಡಿಗೆಯಂತೆ ಕಪ್ಪಾಗಿತ್ತು. ಮರುವಾರ ಜಿಪ್‌ಲಾಕಿನಲ್ಲಿ ಹುಣಸೆಹಣ್ಣು ತುಂಬಿಕೊಂಡು ಹೋದೆ. ಮೇಲರ್ಧ ಗೌರಿಹಬ್ಬದಂತೆ ಬೆಳಗಿತು. ಆಗ ಲೊರೆಟ್ಟಾ ಹೊರಬಂದರು.

"ಓ ಹನೀ, ನೋ!"

ಅದು ಕೊಳೆಯಲ್ಲವಂತೆ. ಬೇರೆಲ್ಲೂ ಕೋಟು ತೊಟ್ಟು ನೋಡಲಾಗದವರು ಈ ಹಿಡಿ ಹಿಡಿದೇ ಒಳಬಂದು, ಬೇಕಾದಷ್ಟು ಸಲ ತೊಟ್ಟು, ಕನ್ನಡಿ ನೋಡಿಕೊಂಡು ಹೋಗುತ್ತಿದ್ದರಂತೆ. ಅವರ ಕೈಗಳ ಗುರುತನ್ನು ನಾನು ಹತ್ತು ನಿಮಿಷದಲ್ಲಿ ತೊಳೆದಿದ್ದೆ. ಲೊರೆಟ್ಟಾ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಮಂಗಳವಾರ ಶಾಲೆ ಬಿಟ್ಟಮೇಲೆ ನಾವಿಬ್ಬರೂ ಅಲ್ಲಿದ್ದಾಗ, ಕುತ್ತಿಗೆಗೆ ಟಾರ್ಚು ತೂಗಿಸಿಕೊಂಡ ನಗರದ ಅಧಿಕಾರಿಣಿ ತಪಾಸಣೆಗೆ ಬಂದು ನೇರವಾಗಿ ಹಿಡಿಯ ಮುಂದೆಯೇ ನಿಂತರು. "ಇದು ಹೊಸದಲ್ಲವೇ?"

"ಅಮ್ಮ, ಪ್ಲೀಸ್, ನೀನೇನೂ ಹೇಳ್ಬೇಡ," ಎಂದು ಅನಘಾ ಪಿಸುಗುಟ್ಟಿದಳು.

ನಾನು ಚೀಲದಿಂದ ಹುಣಸೆಹಣ್ಣು ತೆಗೆದು ತೋರಿಸಿ, ತಪ್ಪೊಪ್ಪಿಕೊಂಡೆ. ಅಧಿಕಾರಿಣಿ ಅದನ್ನು ಮೂಸಿ ನೋಡಿ, ಬಗ್ಗಿ, ಹೊಳೆಯುವ ಭಾಗದ ಮೇಲೆ ಹೆಬ್ಬೆರಳಾಡಿಸಿದರು. ಅಲ್ಲಿ, ಕಪ್ಪಿನಡಿಯಲ್ಲಿ ಯಾರಿಗೂ ಕಾಣದಿದ್ದ ಒಂದು ತಗ್ಗು: ಎಷ್ಟೋ ಹೆಬ್ಬೆರಳುಗಳು ಒತ್ತಿ ಒತ್ತಿ ಲೋಹವೇ ಸವೆದಿತ್ತು. ಬಣ್ಣ ತೊಳೆಯಬಹುದು, ಸವೆತವನ್ನು ತೊಳೆಯುವ ಹುಣಸೆಹಣ್ಣು ಇನ್ನೂ ಯಾವ ಮರದಲ್ಲೂ ಬಿಟ್ಟಿಲ್ಲ.

"ಹೊಸ ಹಿಡಿ ಹೀಗಾಗೋದಿಲ್ಲ," ಎಂದು ಆಕೆ ಬರೆದುಕೊಂಡರು.

ಕಟ್ಟಡ ಪಟ್ಟಿಗೆ ಸೇರಿತು. ನನಗೆ ಲೊರೆಟ್ಟಾ ವಿಧಿಸಿದ ಶಿಕ್ಷೆ ಮಾತ್ರ ಜಾರಿಯಲ್ಲಿದೆ: ಮೊಣಕೈಯಿಂದ ತಳ್ಳುವ ಕೋವಿಡ್ ಕಾಲದ ಅಭ್ಯಾಸ ಬಿಟ್ಟು, ಬರಿಗೈಯಲ್ಲಿ ಮೇಲರ್ಧವನ್ನೇ ಹಿಡಿದು ಬಾಗಿಲು ತೆರೆಯಬೇಕು, ಅದು ಮತ್ತೆ ಕಪ್ಪಾಗುವವರೆಗೆ.

"ಅಮ್ಮ, ದಟ್ಸ್ ಫೋರ್ ಟೈಮ್ಸ್! ಒಳಗೆ ಬಾ!"

"ಬಂದೆ ಇರೇ," ಎಂದು ಮತ್ತೆ ಹೊರಗೆ ಹೋಗಿ, ಬಾಗಿಲನ್ನು ಇನ್ನೊಮ್ಮೆ ತೆರೆದೆ.