ಓಂಕಾರಮೂರ್ತಿಗಳ ಬೇಟೆ ಚಾಕುಗಳು

ಈರುಳ್ಳಿ ಹೆಚ್ಚಲು ಕೂತರೆ ಮೊದಲು ಬೆರಳನ್ನೇ ಹೆಚ್ಚಿಕೊಳ್ಳುವ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಬಿಲ್ ಬರೆದು ಬದುಕುವ ನನ್ನಂಥವನಿಗೆ ಇಂಥ ಮನೆ ಮಾಲೀಕರೇ ಸಿಗಬೇಕೇ! ಓಂಕಾರಮೂರ್ತಿಗಳು ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ಶಿವಭಕ್ತರು. ಅವರ ಬೀರುವಿನ ತುಂಬ ಮಾತ್ರ ಹಂದಿ, ಜಿಂಕೆ ಸುಲಿಯುವಂಥ ಬೇಟೆ ಚಾಕುಗಳು. ಅವು ಈವರೆಗೆ ಒಂದು ನಿಂಬೆಹಣ್ಣನ್ನೂ ಕೊಯ್ದಿಲ್ಲ. ಮಡಚುವ ಚಾಕು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಅದು ಆಟದ ಸಾಮಾನು ಕಣೋ ತಮ್ಮಾ. ಇದನ್ನ ನೋಡು, ಅಲಗು ಹಿಡಿಯೊಳಗೆ ಕೊನೇತನಕ ಐತೆ," ಎನ್ನುತ್ತಾರೆ. ಊರೆಲ್ಲ ಶೇಂಗಾ ಎಣ್ಣೆ ಹರಿದರೂ ಅದು ಅಂಟಾಗುತ್ತದೆಂದು ಹೊಲಿಗೆ ಮಷಿನ್ ಎಣ್ಣೆಯನ್ನೇ ಸವರಿ, ಮೊಳಕಾಲ್ಮೂರು ರೇಷ್ಮೆಯ ತುಂಡಿನಲ್ಲಿ ಕೂಸಿನಂತೆ ಸುತ್ತಿಡುತ್ತಾರೆ. "ನಂಗಿಲ್ಲದ ರೇಷ್ಮೆ ಚಾಕೂಗೆ!" ಎಂದು ಹೆಂಡತಿ ಸುಲೋಚನಮ್ಮ ಅಡುಗೆಮನೆಯಿಂದ ಚುಚ್ಚಿದರೆ ಅವರಿಗೆ ತಟ್ಟನೆ ಕಿವುಡು ಬಂದುಬಿಡುತ್ತದೆ. ಮೊನ್ನೆ ಓಂಕಾರಮೂರ್ತಿಗಳ ತಾಯಿಯ ವರ್ಷದ ಪುಣ್ಯತಿಥಿ ಪೂಜೆಗೆ ಅವರ ಅಣ್ಣ ಬಂದಿದ್ದರು. ಮನೆ ಪಾಲಾದಂದಿನಿಂದ ತಮ್ಮನೊಡನೆ ಮಾತು ಬಿಟ್ಟವರು. ವರ್ಷಕ್ಕೊಮ್ಮೆ ಬಂದು, ಉಂಡು, ಸುಮ್ಮನೆ ಎದ್ದು ಹೋಗುತ್ತಾರೆ. ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಓಂಕಾರಮೂರ್ತಿಗಳು ಓಡಿಬಂದು ತಮ್ಮ ಮೆಚ್ಚಿನ ಚಾಕುವನ್ನು ಅಣ್ಣನ ಅಂಗೈಗೇ ಇಟ್ಟುಬಿಟ್ಟರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆಂದು ನನಗೂ ನೆಲದ ಮೇಲಿಟ್ಟೇ ಕೊಡುವ ಮನುಷ್ಯ! "ಸಾರ್, ಕೈಗೇ ಕೊಟ್ರಲ್ಲ, ಜಗಳ ಆಗಲ್ವೇನ್ರಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. "ಆಗ್ಲಿ ಬಿಡಲೇ," ಎಂದರು ಅಣ್ಣನ ಮುಖವನ್ನೇ ನೋಡುತ್ತ, "ಹಂಗಾದ್ರೂ ಬಾಯಿ ಬಿಟ್ಟು ನನ್ನ ಬೈಲಿ."